ಒಂದೇ ಮಣ, ಹಲವು ತೂಕ

ಸ್ವಾತಂತ್ರ್ಯಕ್ಕೆ ಮುಂಚೆ ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತದಲ್ಲಿದ್ದವು; ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು; ಕಾಗವಾಡದ ಆಚೆ ಮಿರಜ, ಸಾಂಗಲಿಯಲ್ಲಿ ಪಟವರ್ಧನರ ಆಡಳಿತ. ಆದರೆ ಎಲ್ಲ ಪೇಟೆಗಳಲ್ಲೂ ‘ಮಣ’ ಎಂಬುದು ಒಂದೇ ಹೆಸರು. ಮುಂಬೈ ಮಣ 28 ಪೌಂಡು, ರೈಲ್ವೆ ಮಣ 82 ಪೌಂಡಿಗೂ ಮಿಕ್ಕಿ. ನಿಪ್ಪಾಣಿಯ ತಂಬಾಕು ಊರು ದಾಟಿ ಮಾರಾಟವಾಗಬೇಕಾದರೆ ಯಾವ ಮಣ ಎಂದು ಹೇಳಲೇಬೇಕಿತ್ತು. ಹಾಗಾಗಿಯೇ ಹೆಸರಿನ ಹಿಂದೆ ‘ಪಕ್ಕಾ’, ‘ಕಚ್ಚಾ’, ‘ರೈಲ್ವೆ’ ಎಂಬ ಗುರುತುಗಳು ಬಂದವು.

ಹಳೆಯ ಹೆಸರಿಗೇ ಒಂದು ತೂಕ ನಿಗದಿ ಮಾಡಿದರೆ ಸಾಲದೇ ಎಂದು ಕೇಳಬಹುದು. 1939ರ ಕಾಯ್ದೆ ಮಾಡಿದ್ದು ಅದನ್ನೇ: ಸೇರಿಗೆ 80 ತೊಲ, ಮಣಕ್ಕೆ 40 ಸೇರು. ಆದರೂ ಹಳೆಯ ಹೆಸರು ಹಳೆಯ ರೂಢಿಯನ್ನು ಬಿಟ್ಟುಕೊಡಲಿಲ್ಲ. 1956ರ ಕಾಯ್ದೆ ಸೇರನ್ನು ತಿದ್ದಲು ಹೋಗದೆ ಕಿಲೋಗ್ರಾಂ ಎಂಬ ಬೇರೆ ಹೆಸರನ್ನೇ ತಂದಿತು; ನನಗೆ ಅದೇ ಸರಿಯೆನಿಸುತ್ತದೆ. ಪರಕೀಯ ಪದ ರೈತರ ಬಾಯಿಗೆ ಹೊಂದೀತೇ ಎಂಬ ಆಕ್ಷೇಪಕ್ಕೆ ಇಂದಿನ ಸಂತೆಯ ‘ಕಿಲೋ’ ಉತ್ತರ. ಕಂಪ್ಯೂಟರಿನ ಸಿ ಭಾಷೆಯಲ್ಲೂ ಇದೇ ತೊಡಕು, ಇದೇ ಪರಿಹಾರ: ಪೂರ್ಣಾಂಕಕ್ಕೆ ಬಳಸುವ ‘ಇಂಟ್’ ಎಂಬ ವಿಧ ಒಂದು ಯಂತ್ರದಲ್ಲಿ 16 ಬಿಟ್, ಇನ್ನೊಂದರಲ್ಲಿ 32. ಆ ಭಾಷೆಯ 1999ರ ಮಾನಕ ‘ಇಂಟ್’ ಅನ್ನು ಹಾಗೆಯೇ ಬಿಟ್ಟು, ಅಳತೆಯನ್ನು ಹೆಸರಲ್ಲೇ ಹೊತ್ತ ಹೊಸ ವಿಧಗಳನ್ನು ಕೊಟ್ಟಿತು.