ಅರ್ಧ ಪೆನ್ನಿಯ ಹಾಳೆಯಿಂದ ಗಾಜಿನ ಹಲಗೆಗೆ

ಟ್ಯಾಬ್ಲೆಟ್ ಎಂಬ ಗಾಜಿನ ಹಲಗೆಯ ಮೇಲೆ ಬೆರಳಾಡಿಸುತ್ತ, ಅಲ್ಪ ಹಣಕ್ಕೆ ನೂರಾರು ಚಿತ್ರಕಥೆಗಳನ್ನು ಓದುವ ಬಾಲಕನು ತನಗೊದಗಿದ ಭಾಗ್ಯವು ಹಿಂದೆ ಯಾರಿಗೂ ಇರಲಿಲ್ಲವೆಂದು ಭಾವಿಸುವುದು ಸಹಜ. ಆದರೆ ಹಲಗೆಯು ಹೊಸದಾದರೂ ಓದಿನ ಬಗೆಯು ಹಳೆಯದು. ಹಲವು ಕೈಗಳಿಂದ ಬಂದ ಹಲವು ಕಥೆಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿ, ಬಡವನೂ ಕೊಳ್ಳಬಹುದಾದ ಬೆಲೆಗೆ ಮಾರುವ ಪದ್ಧತಿಗೆ ನೂರಮೂವತ್ತು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಬೆಲೆಯು ಇಳಿದಂತೆಲ್ಲ ವಾಚಕನು ಏನನ್ನು ಪಡೆದನು, ಏನನ್ನು ಬಿಟ್ಟುಕೊಟ್ಟನು ಎಂಬುದೇ ಆ ಚರಿತ್ರೆಯ ಸಾರ.

ಇಂಗ್ಲೆಂಡಿನಲ್ಲಿ ವೃತ್ತಪತ್ರಿಕೆಗಳ ಮೇಲಿನ ಮುದ್ರೆಯ ತೆರಿಗೆಯು 1855ರಲ್ಲಿಯೂ, ಕಾಗದದ ಮೇಲಿನ ಸುಂಕವು 1861ರಲ್ಲಿಯೂ ರದ್ದಾದುವು. ಚಿಂದಿಬಟ್ಟೆಗೆ ಬದಲಾಗಿ ಮರದ ತಿರುಳಿನಿಂದ ಕಾಗದವನ್ನು ಮಾಡುವ ವಿಧಾನವು ಬಳಕೆಗೆ ಬಂದಿತು. 1870ರ ವಿದ್ಯಾಭ್ಯಾಸದ ಕಾನೂನು ಜನಸಾಮಾನ್ಯರ ಮಕ್ಕಳಿಗೆ ಪಾಠಶಾಲೆಗಳ ಬಾಗಿಲನ್ನು ತೆರೆಯಿತು. ಹೀಗೆ ಓದಬಲ್ಲವರೂ ಹೆಚ್ಚಿದರು, ಕಾಗದವೂ ಅಗ್ಗವಾಯಿತು. 1884ರ ಮೇ ತಿಂಗಳಲ್ಲಿ 'ಆಲಿ ಸ್ಲೋಪರ್ಸ್ ಹಾಫ್ ಹಾಲಿಡೇ' ಎಂಬ ವಿನೋದ ವಾರಪತ್ರಿಕೆಯು ಒಂದು ಪೆನ್ನಿಯ ಬೆಲೆಗೆ ಹೊರಟಿತು. 1890ರ ಮೇ 17ರಂದು ಆಲ್‌ಫ್ರೆಡ್ ಹಾರ್ಮ್ಸ್‌ವರ್ತ್ ಎಂಬ ತರುಣನು 'ಕಾಮಿಕ್ ಕಟ್ಸ್' ಎಂಬುದನ್ನು ಅದರ ಅರ್ಧ ಬೆಲೆಗೆ, ಎಂದರೆ ಅರ್ಧ ಪೆನ್ನಿಗೆ, ಮಾರಿದನು. ಮೊದಲಲ್ಲಿ ಅದರ ಚಿತ್ರಗಳು ಬಹುಮಟ್ಟಿಗೆ ಅನ್ಯ ಪತ್ರಿಕೆಗಳಿಂದ ಎತ್ತಿಕೊಂಡವು. ಕಾಗದವೂ ಕೀಳು ದರ್ಜೆಯದು. ಆದರೂ ಪತ್ರಿಕೆಯು 1953ರ ವರೆಗೆ ಬಾಳಿತು. ಆರು ವರ್ಷಗಳ ತರುವಾಯ ಅದೇ ಅರ್ಧ ಪೆನ್ನಿಯ ಬೆಲೆಗೆ 'ಡೈಲಿ ಮೇಲ್' ದಿನಪತ್ರಿಕೆಯನ್ನು ಸ್ಥಾಪಿಸಿದವನೂ ಈತನೇ.

ಇಂತಹ ಸಂಕಲನವು ಸಂತೆಯಂತೆ. ಒಂದು ಅಂಗಡಿಯ ಸರಕು ಹಿಡಿಸದಿದ್ದರೆ ಪಕ್ಕದ ಅಂಗಡಿಯದು ಹಿಡಿಸೀತು. ಪ್ರಸಿದ್ಧನಾದ ಚಿತ್ರಕಾರನ ನೆರಳಿನಲ್ಲಿ ಹೆಸರಿಲ್ಲದವನೂ ನಾಲ್ಕು ಜನರ ಕಣ್ಣಿಗೆ ಬೀಳುವನು. ಸ್ಕಾಟ್ಲೆಂಡಿನ ಡಂಡೀ ನಗರದ ಡಿ. ಸಿ. ಥಾಮ್ಸನ್ ಸಂಸ್ಥೆಯವರು 1937ರಲ್ಲಿ 'ದಿ ಡ್ಯಾಂಡಿ'ಯನ್ನೂ 1938ರಲ್ಲಿ 'ದಿ ಬೀನೋ'ವನ್ನೂ ಈ ಮಾದರಿಯಲ್ಲಿಯೇ ಹೊರಡಿಸಿದರು. ಯುದ್ಧಕಾಲದಲ್ಲಿ ಕಾಗದಕ್ಕೆ ಬರ ಬಂದು, 1941ರಿಂದ ಅವೆರಡೂ ವಾರ ಬಿಟ್ಟು ವಾರ ಪ್ರಕಟವಾದುವು. ಓದಿ ಮುಗಿದ ಪ್ರತಿಗಳನ್ನು ಮಕ್ಕಳೇ ರದ್ದಿಗಾಗಿ ಕೂಡಿಸಿಕೊಟ್ಟರು. ಆದುದರಿಂದ ಅವುಗಳ ಮೊದಲ ಸಂಚಿಕೆಗಳು ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅಷ್ಟಾದರೂ ಉಳಿದುದು ಏತರಿಂದ? ಯಾರದೋ ಮನೆಯ ಅಟ್ಟದ ಮೇಲೆ, ಯಾರೂ ಕೇಳಲು ಬಾರದ ಪೆಟ್ಟಿಗೆಯಲ್ಲಿ, ಅವು ಬಿದ್ದಿದ್ದುದರಿಂದ.

ಈ ಬಗೆಯ ಪ್ರಕಟಣೆಯು ಪರಾಕಾಷ್ಠೆಯನ್ನು ಮುಟ್ಟಿದುದು ಜಪಾನಿನಲ್ಲಿ. ಶುಯೇಷಾ ಸಂಸ್ಥೆಯವರು 1968ರಲ್ಲಿ ಆರಂಭಿಸಿದ 'ಶೋನೆನ್ ಜಂಪ್' ಪತ್ರಿಕೆಯು ಒರಟು ಕಾಗದದ ದಪ್ಪನೆಯ ಕಟ್ಟು. ಓದಿ ಎಸೆಯುವುದಕ್ಕೆಂದೇ ಮಾಡಿದುದು. ವಾಚಕರು ತಮಗೆ ಹಿಡಿಸಿದ ಕಥೆಗಳನ್ನು ಸಂಚಿಕೆಯೊಡನೆ ಬರುವ ಕಾರ್ಡಿನಲ್ಲಿ ಬರೆದು ಕಳುಹುವರು. ಮತ ಕಡಿಮೆಯಾದ ಕಥೆಯು ಬೇಗನೆ ಮುಕ್ತಾಯವಾಗುವುದು. 1995ರ ಆರಂಭದ ವೇಳೆಗೆ ಅದರ ಒಂದು ಸಂಚಿಕೆಯ ಪ್ರತಿಗಳು 65 ಲಕ್ಷ 30 ಸಾವಿರಕ್ಕೆ ಏರಿದ್ದುವು. ಮೆಚ್ಚಿದ ಕಥೆಯನ್ನು ಕಾಪಾಡಿಕೊಳ್ಳಬೇಕೆಂಬವನಿಗೆ ಅದು ಬೇರೆಯಾಗಿ, ಒಳ್ಳೆಯ ಕಾಗದದಲ್ಲಿ, ಪುಸ್ತಕರೂಪದಲ್ಲಿಯೂ ದೊರೆಯುತ್ತಿದ್ದಿತು. ಓದಿ ಎಸೆಯುವುದು ಒಂದು, ಉಳಿಸಿಕೊಳ್ಳುವುದು ಒಂದು; ಎರಡರ ಆಯ್ಕೆಯೂ ವಾಚಕನದಾಗಿತ್ತು.

ಅನಂತರ ಗಾಜಿನ ಹಲಗೆಯ ಕಾಲವು ಬಂದಿತು. ಅಮೆರಿಕದ ಕಾಮಿಕ್ಸಾಲಜಿ ಎಂಬ ಸಂಸ್ಥೆಯು 2009ರಲ್ಲಿ ಐಫೋನಿಗೆ ಒಂದು ವಾಚನಸಾಧನವನ್ನು ರಚಿಸಿತು. ಪುಟದ ಚೌಕಗಳನ್ನು ಒಂದೊಂದಾಗಿ ಕಣ್ಣ ಮುಂದೆ ತರುವ ಅದರ ಏರ್ಪಾಡಿನಿಂದ ಕಿರಿದಾದ ತೆರೆಯ ಮೇಲೆಯೂ ಓದು ಸಾಧ್ಯವಾಯಿತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಇಡಿಯ ಪುಟವನ್ನೇ ಒಮ್ಮೆಗೆ ನೋಡಬಹುದಾಯಿತು. ಆದರೆ ಈ ದಾರಿಯು ಎಲ್ಲರಿಗೂ ಸುಗಮವಾಗಲಿಲ್ಲ. 'ದಿ ಡ್ಯಾಂಡಿ'ಯು ತನ್ನ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ, 2012ರ ಡಿಸೆಂಬರ್ 4ರಂದು, ಮುದ್ರಣವನ್ನು ನಿಲ್ಲಿಸಿ ತೆರೆಯನ್ನು ನಂಬಿ ಹೊರಟಿತು; 2013ರ ಜುಲೈ ತಿಂಗಳಲ್ಲಿ ಅದೂ ನಿಂತುಹೋಯಿತು. 'ಶೋನೆನ್ ಜಂಪ್' ಮಾತ್ರ ಹೊಸ ದಾರಿಯಲ್ಲಿಯೂ ಜನರನ್ನು ಸೆಳೆಯಿತು. 2018ರ ಡಿಸೆಂಬರಿನಲ್ಲಿ ಅದರ ಇಂಗ್ಲಿಷ್ ಪ್ರಕಾಶಕರು ಹೊಸ ಅಧ್ಯಾಯಗಳನ್ನು ಉಚಿತವಾಗಿಯೇ ತೆರೆದಿಟ್ಟರು. ಹಳೆಯ ಭಂಡಾರಕ್ಕೆ ಅಂದು ತಿಂಗಳಿಗೆ ಎರಡು ಡಾಲರಿಗಿಂತ ಒಂದು ಸೆಂಟು ಕಡಿಮೆ ಚಂದಾ ಇದ್ದಿತು. ದಿನಕ್ಕೆ ನೂರು ಅಧ್ಯಾಯಗಳ ಮಿತಿ. ಈ ಸೌಲಭ್ಯವನ್ನು ಪಡೆದ ದೇಶಗಳಲ್ಲಿ ಭಾರತವೂ ಒಂದಾದುದರಿಂದ, ಜಪಾನಿನ ಕಥೆಯು ಮೈಸೂರಿನ ಬಾಲಕನಿಗೂ ಧಾರವಾಡದ ಬಾಲಕಿಗೂ ಮನೆಯಲ್ಲಿಯೇ ಎಟುಕುವಂತಾಯಿತು. ಹಾರ್ಮ್ಸ್‌ವರ್ತ್‌ನ ಅರ್ಧ ಪೆನ್ನಿಯೂ ಇಷ್ಟನ್ನು ಕೊಟ್ಟಿರಲಿಲ್ಲ.

ಆದರೆ ಕೊಟ್ಟುದು ಏನು? ಓದುವ ಅನುಮತಿಯೇ ಹೊರತು ಹಾಳೆಯಲ್ಲ. ಜಪಾನಿನ ಪ್ರಕಾಶಕರು ಕೂಡಿ 2011ರಲ್ಲಿ ಇಂಗ್ಲಿಷ್ ವಾಚಕರಿಗಾಗಿ ತೆರೆದಿದ್ದ 'ಜೆಮಾಂಗಾ' ಎಂಬ ಮಳಿಗೆಯು 2013ರ ಮೇ ತಿಂಗಳಲ್ಲಿ ಮುಚ್ಚಿತು. ಅಲ್ಲಿ ಹಣ ತೆತ್ತು ಕೊಂಡಿದ್ದ ಪುಸ್ತಕಗಳೂ ಅಂದಿನಿಂದ ಓದಲು ದೊರೆಯದಾದುವು. ಕಾಮಿಕ್ಸಾಲಜಿಯನ್ನು 2014ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಅದರ ಪ್ರತ್ಯೇಕ ವಾಚನಸಾಧನವು 2023ರ ಡಿಸೆಂಬರಿನಲ್ಲಿ ಕೊನೆಗೊಂಡು, ವಾಚಕರು ತಮ್ಮ ಗ್ರಂಥಗಳನ್ನು ಕಿಂಡಲ್ ಎಂಬ ಬೇರೊಂದು ಸಾಧನದಲ್ಲಿ ಅರಸಬೇಕಾಯಿತು. ಅಂಗಡಿಯವನು ಕದವಿಕ್ಕಿದರೆ ಗಿರಾಕಿಯ ಮನೆಯ ಪುಸ್ತಕವೂ ಮಾಯವಾಗುವುದೆಂಬುದು ಅರ್ಧ ಪೆನ್ನಿಯ ಕಾಲದವರಿಗೆ ಊಹೆಗೂ ನಿಲುಕದ ಮಾತು.

ಈ ಲೋಪಕ್ಕೆ ಪರಿಹಾರವಿಲ್ಲವೆಂದಲ್ಲ. 1977ರಲ್ಲಿ ಎಂಟು ಪೆನ್ಸಿಗೆ ಹುಟ್ಟಿದ '2000 ಎ.ಡಿ.' ಎಂಬ ಇಂಗ್ಲೆಂಡಿನ ವಾರಪತ್ರಿಕೆಯು ಇದಕ್ಕೆ ಸಾಕ್ಷಿ. 2000ದಲ್ಲಿ ಅದನ್ನು ಕೊಂಡ ರೆಬೆಲಿಯನ್ ಸಂಸ್ಥೆಯವರು ಮುದ್ರಣವನ್ನು ಬಿಡಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಓದುವವರಿಗೆ, ಪ್ರತಿ ಮಾಡದಂತೆ ತಡೆಯುವ ಬೀಗವಿಲ್ಲದೆಯೇ, ಸಂಚಿಕೆಯ ಕಡತವನ್ನು ಮಾರುವ ಪದ್ಧತಿಯನ್ನೂ ಇಟ್ಟುಕೊಂಡರು. ಕೊಂಡವನು ಅದನ್ನು ತನ್ನಲ್ಲಿಯೇ ಇರಿಸಿಕೊಳ್ಳಬಹುದು. ಅಟ್ಟದ ಪೆಟ್ಟಿಗೆಗೆ ಸಮಾನವಾದುದು ಗಾಜಿನ ಯುಗದಲ್ಲಿಯೂ ಸಾಧ್ಯವೆಂದಾಯಿತು.

ಅಗ್ಗವಾದುದನ್ನು ಅಲ್ಪವೆಂದು ತಿಳಿಯುವುದು ವಿದ್ಯಾವಂತರ ಮನೆಗಳ ಹಳೆಯ ತಪ್ಪು. ರದ್ದಿಗೆ ಹಾಕಿದ ಮೇಲೆಯೇ ಆ ಹಾಳೆಗಳ ಬೆಲೆಯು ಕಂಡುಬಂದಿತು. ಇಂದಿನ ಮಗುವಿನ ಓದು ರದ್ದಿಗೂ ಬೀಳದೆ ಮರೆಯಾಗಬಲ್ಲುದು. ಮಕ್ಕಳ ಓದಿಗೆ ಹಣ ಕೊಡುವ ಹಿರಿಯರು ಬೆಲೆ ಎಷ್ಟೆಂದು ಕೇಳುವುದರೊಡನೆ, ಹತ್ತು ವರ್ಷಗಳ ತರುವಾಯ ಇದು ಯಾರ ಕೈಯಲ್ಲಿರುವುದೆಂದೂ ಕೇಳುವುದು ಲೇಸು.