ಶಬ್ದವೇಗ ದಾಟಿದ ಮೊದಲಿಗ: ಯೇಗರ್–ವೆಲ್ಚ್ ವಿವಾದದ ಮರುಪರಿಶೀಲನೆ

ಅಮೆರಿಕದ ವಾಯುಪಡೆಯ ಪರೀಕ್ಷಾ ಪೈಲಟ್ ಚಕ್ ಯೇಗರ್ (1923–2020) ಅವರ ವೃತ್ತಿಜೀವನದ ಬಹುಭಾಗ ನಿರ್ವಿವಾದ. 1941ರಲ್ಲಿ ಸೇನೆ ಸೇರಿದ್ದು, 1944ರಲ್ಲಿ ಶತ್ರುಗಳ ಗುಂಡಿಗೆ ವಿಮಾನ ಉರುಳಿ ಫ್ರಾನ್ಸಿನಿಂದ ಸ್ಪೇನಿಗೆ ಪಾರಾದದ್ದು, 1953ರ ಡಿಸೆಂಬರಿನಲ್ಲಿ ಎಕ್ಸ್-1ಎ ವಿಮಾನದಲ್ಲಿ ಮ್ಯಾಕ್ 2.44 (ಶಬ್ದವೇಗದ 2.44 ಪಟ್ಟು) ಮುಟ್ಟಿದ ಕೂಡಲೇ ಹಿಡಿತ ತಪ್ಪಿ, ಸಾವಿರಾರು ಅಡಿ ಉರುಳಿಯೂ ಬದುಕಿದ್ದು, 1963ರಲ್ಲಿ ಎನ್‌ಎಫ್-104ರಿಂದ ಹೊರಜಿಗಿದು ಸುಟ್ಟ ಗಾಯಗಳಿಗೀಡಾದದ್ದು, ಇವೆಲ್ಲಕ್ಕೂ ದಾಖಲೆಗಳಿವೆ. 1971ರ ಯುದ್ಧದಲ್ಲಿ ಅವರು ಪಾಕಿಸ್ತಾನದಲ್ಲಿ ಅಮೆರಿಕದ ರಕ್ಷಣಾ ಪ್ರತಿನಿಧಿಯಾಗಿದ್ದುದು ಭಾರತೀಯ ಓದುಗರಿಗೆ ಹಿಡಿಸದ ಸಂಗತಿ. ಆ ಮುನಿಸು ಈ ಚರ್ಚೆಗೆ ಸಲ್ಲದು. ತಕರಾರು ಎದ್ದಿರುವುದು ಅವರ ಕೀರ್ತಿಯ ಬುನಾದಿಯಾದ 1947ರ ಅಕ್ಟೋಬರ್ 14ರ ಬಗ್ಗೆಯೇ. ಅಂದು ಕ್ಯಾಲಿಫೋರ್ನಿಯದ ಮ್ಯುರಾಕ್ ಮರುಭೂಮಿಯ ಮೇಲೆ, ಬಿ-29ರ ಒಡಲಿನಿಂದ ಬೇರ್ಪಟ್ಟ, ಯೇಗರ್ ನಡೆಸುತ್ತಿದ್ದ ಬೆಲ್ ಎಕ್ಸ್-1 ಸುಮಾರು 43,000 ಅಡಿ ಎತ್ತರದಲ್ಲಿ ಮ್ಯಾಕ್ 1.06 ತಲುಪಿತು. ಅಲ್ ಬ್ಲ್ಯಾಕ್‌ಬರ್ನ್ 1999ರ ತಮ್ಮ ‘ಏಸಸ್ ವೈಲ್ಡ್’ ಕೃತಿಯಲ್ಲಿ ಈ ಅಗ್ರಸ್ಥಾನವನ್ನು ಅಲ್ಲಗಳೆದರು. ಅವರ ಪ್ರಕಾರ ನಾರ್ತ್ ಅಮೆರಿಕನ್ ಕಂಪನಿಯ ಪೈಲಟ್ ಜಾರ್ಜ್ ವೆಲ್ಚ್, ಅಕ್ಟೋಬರ್ 1ರಂದೇ, ಎಕ್ಸ್‌ಪಿ-86 ಜೆಟ್ ವಿಮಾನದ ಚೊಚ್ಚಲ ಹಾರಾಟದಲ್ಲಿ, ಇಳಿಜಾರಿನಲ್ಲಿ ಧುಮುಕಿ ಶಬ್ದವೇಗವನ್ನು ದಾಟಿದ್ದರು.

ಬ್ಲ್ಯಾಕ್‌ಬರ್ನ್ ಅವರಿಗೆ ಸಾಮಾನ್ಯವಾಗಿ ಕೊಡುವ ಉತ್ತರ, ಆ ವಿಮಾನಕ್ಕೆ ಅಷ್ಟು ಶಕ್ತಿಯೇ ಇರಲಿಲ್ಲ ಎಂಬುದು. ಅದರ ಜೆ-35 ಎಂಜಿನ್ನಿನ ನೂಕುಬಲ ಸುಮಾರು 4,000 ಪೌಂಡ್ ಮಾತ್ರ ಎಂಬುದು ನಿಜ. ಆದರೆ ಈ ಆಕ್ಷೇಪ ನಿಲ್ಲುವುದಿಲ್ಲ. ನಲವತ್ತು ಡಿಗ್ರಿ ಕೋನದಲ್ಲಿ ಧುಮುಕುವ ವಿಮಾನವನ್ನು ಅದರ ತೂಕದ ಅರ್ಧಕ್ಕೂ ಮಿಗಿಲಾದ ಪಾಲು ಮುಂದಕ್ಕೆ ಎಳೆಯುತ್ತಿರುತ್ತದೆ; ಈ ವಿಮಾನದಲ್ಲಿ ಅದು ಎಂಜಿನ್ನಿನ ಬಲವನ್ನೇ ಮೀರಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಎಕ್ಸ್‌ಪಿ-86 ಮುಂದಿನ ಏಪ್ರಿಲಿನಲ್ಲಿ ಧುಮುಕಿಯೇ ಶಬ್ದವೇಗ ದಾಟಿತೆಂದು ಅಧಿಕೃತ ಇತಿಹಾಸವೇ ಒಪ್ಪುತ್ತದೆ. ಏಪ್ರಿಲಿನಲ್ಲಿ ಆದದ್ದು ಅಕ್ಟೋಬರಿನಲ್ಲಿ ಅಸಾಧ್ಯವಾಗಿತ್ತು ಎನ್ನಲು ಎಂಜಿನ್ನಿನ ಬಲವೊಂದೇ ಕಾರಣವಾಗದು. ಹಾಗಾಗಿ ಸಾಧ್ಯತೆಯ ಪ್ರಶ್ನೆಯನ್ನು ಬ್ಲ್ಯಾಕ್‌ಬರ್ನ್ ಅವರಿಗೇ ಬಿಟ್ಟುಕೊಟ್ಟು, ಸಾಕ್ಷ್ಯದ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಲೇಸು.

ಅವರ ಸಾಕ್ಷ್ಯದ ಜೀವಾಳ ನೆಲದ ಮೇಲಿದ್ದವರು ಕೇಳಿದ ಸ್ಫೋಟಸದ್ದು. ಯೇಗರ್ ಪಕ್ಷದವರೂ ಅಕ್ಟೋಬರ್ 14ರಂದು ಗುಡುಗಿನಂಥ ಸದ್ದು ಕೇಳಿಸಿತೆಂಬ ನೆನಪನ್ನು ಸಂಭ್ರಮದಿಂದ ಉಲ್ಲೇಖಿಸುತ್ತಾರೆ. ಇಲ್ಲಿ ಎರಡೂ ಕಡೆಯವರು ಗಮನಿಸದ ಒಂದು ತೊಡಕಿದೆ. ಪ್ರಮಾಣಿತ ವಾತಾವರಣದಲ್ಲಿ 43,000 ಅಡಿ ಎತ್ತರದ ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 295 ಮೀಟರ್. ನೆಲದ ಬಳಿ ಸುಮಾರು 340. ಮಟ್ಟಸವಾಗಿ ಹಾರುವ ವಿಮಾನ ನೆಲದ ಬಳಿಯ ಶಬ್ದವೇಗವನ್ನೂ ಮೀರದಿದ್ದರೆ, ಅದರ ಆಘಾತ ತರಂಗ ಕೆಳಗಿನ ಬೆಚ್ಚನೆಯ ಪದರಗಳಲ್ಲಿ ಬಾಗಿ ಮೇಲಕ್ಕೆ ತಿರುಗಿಬಿಡುತ್ತದೆ. ಮ್ಯಾಕ್ 1.06 ಎಂದರೆ ಅಲ್ಲಿ ಸೆಕೆಂಡಿಗೆ ಸುಮಾರು 313 ಮೀಟರ್ ಅಷ್ಟೆ. ಸದ್ದು ನೆಲ ಮುಟ್ಟಲು ಮ್ಯಾಕ್ 1.15ರ ಆಸುಪಾಸು ಬೇಕು. ಕಡಿದಾಗಿ ಧುಮುಕುವ ವಿಮಾನಕ್ಕೆ ಈ ತಡೆಯಿಲ್ಲ. ಅದರ ತರಂಗ ನೇರ ನೆಲದತ್ತಲೇ ಸಾಗುತ್ತದೆ. ಆದ್ದರಿಂದ ಸದ್ದನ್ನು ಸಾಕ್ಷ್ಯವೆಂದು ಒಪ್ಪಿದರೆ ಅದು ಯೇಗರ್ ಅವರಿಗಿಂತ ವೆಲ್ಚ್ ಅವರಿಗೇ ಹೆಚ್ಚು ಒದಗಿಬರುತ್ತದೆ ಎಂಬುದು ನನ್ನ ವಾದ. ಈ ಮಾತಿಗೆ ಮಿತಿಗಳಿವೆ. ಲೆಕ್ಕ ನಿಶ್ಚಲ ಗಾಳಿಯದು. ಎತ್ತರದಲ್ಲಿ ಸೆಕೆಂಡಿಗೆ 27 ಮೀಟರಿಗೂ ಮಿಕ್ಕ ಹಿಂಗಾಳಿ ಬೀಸುತ್ತಿದ್ದರೆ ಎಕ್ಸ್-1ರ ಸದ್ದೂ ಕೆಳಗಿಳಿದಿರಬಹುದು, ಮತ್ತು ಅಷ್ಟು ಎತ್ತರದಲ್ಲಿ ಅಂಥ ಗಾಳಿ ಅಪರೂಪವೇನಲ್ಲ. ಯೇಗರ್ ಶಬ್ದವೇಗ ದಾಟಲಿಲ್ಲ ಎಂದೂ ಇದರ ಅರ್ಥವಲ್ಲ. ಅವರ ಸಾಧನೆಗೆ ಸದ್ದು ಆಧಾರವಾಗಲಾರದು ಎಂಬಷ್ಟೇ ಇದರ ವ್ಯಾಪ್ತಿ.

ಹಾಗಿದ್ದರೆ ವೆಲ್ಚ್ ಗೆದ್ದಂತಾಯಿತಲ್ಲ ಎಂದು ಕೇಳಬಹುದು. ಇಲ್ಲ. ಸದ್ದು ಕೇಳಿದವರ ಹೇಳಿಕೆಗಳು ನಂಬಲರ್ಹವೆಂದೇ ಇಟ್ಟುಕೊಳ್ಳೋಣ. ದಶಕಗಳ ನಂತರದ ನೆನಪು ಸದ್ದನ್ನು ಉಳಿಸಿಕೊಂಡಿರಬಹುದು, ತಾರೀಖನ್ನು ಉಳಿಸಿಕೊಂಡಿರುತ್ತದೆಂಬ ಭರವಸೆಯಿಲ್ಲ. ಅದೇ ವಿಮಾನ ಅದೇ ಆಕಾಶದಲ್ಲಿ ಮತ್ತೆ ಮತ್ತೆ ಧುಮುಕುತ್ತಿದ್ದಾಗ, ಇಡೀ ವಾದ ಎರಡು ವಾರಗಳ ಅಂತರದ ಮೇಲೆ ನಿಂತಿರುವಾಗ, ತಾರೀಖೇ ಸರ್ವಸ್ವ. ವೆಲ್ಚ್ ಅವರ ವೇಗಮಾಪಕದ ಮುಳ್ಳು ಅಕ್ಟೋಬರ್ 1ರಂದು ತಡೆದು ನಿಂತು ಜಿಗಿಯಿತೆಂಬ ವಾದವೂ ಇದೆ. ಆಘಾತ ತರಂಗ ಒತ್ತಡ ಅಳೆಯುವ ರಂಧ್ರವನ್ನು ಹಾದುಹೋದಾಗ ಮುಳ್ಳು ಹಾಗೆ ಜಿಗಿಯುವುದುಂಟು. ಆದರೆ ವಿಮಾನದ ವೇಗ ಮ್ಯಾಕ್ 1ಕ್ಕಿಂತ ಕಡಿಮೆಯಿದ್ದಾಗಲೂ ಮೈಯ ಉಬ್ಬುಗಳ ಮೇಲೆ ಗಾಳಿ ಶಬ್ದವೇಗ ಮೀರುತ್ತದೆ; ರಂಧ್ರ ಎಲ್ಲಿದೆ, ಅದರ ದೋಷವೆಷ್ಟು ಎಂಬುದನ್ನು ಅಳೆಯದೆ ಆ ಜಿಗಿತದಿಂದ ಏನನ್ನೂ ತೀರ್ಮಾನಿಸಲಾಗದು. ಯೇಗರ್ ಅವರ ಮುಳ್ಳೂ ತಡೆದು, ಮಾಪಕದ ಅಂಚು ದಾಟಿತ್ತು. ಅವರ ವರದಿಯಲ್ಲಿದ್ದದ್ದು ಮ್ಯಾಕ್ 1.05 ಎಂಬ ಅಂದಾಜು; 1.06 ಎಂಬ ಅಂಕಿ ಬಂದದ್ದು ಅಮೆರಿಕದ ವೈಮಾನಿಕ ಸಂಶೋಧನಾ ಸಂಸ್ಥೆಯಾದ ನಾಕಾದವರು ದತ್ತಾಂಶಗಳನ್ನು ತಿದ್ದಿ ಲೆಕ್ಕಹಾಕಿದ ಮೇಲೆ. ಪೈಲಟ್ ಕಂಡದ್ದನ್ನು ಇನ್ನೊಬ್ಬರು ಸ್ವತಂತ್ರವಾಗಿ ಪರಿಶೀಲಿಸಬಲ್ಲ ಈ ವ್ಯವಸ್ಥೆಯೇ ಪರೀಕ್ಷಾ ಹಾರಾಟವನ್ನು ಬರಿಯ ಸಾಹಸದಿಂದ ಬೇರ್ಪಡಿಸುತ್ತದೆ. ಅಕ್ಟೋಬರ್ 1ರ ಹಾರಾಟಕ್ಕೆ ಬ್ಲ್ಯಾಕ್‌ಬರ್ನ್ ಅಂಥ ದತ್ತಾಂಶವನ್ನು ಮುಂದಿಡುವುದಿಲ್ಲ.

ವೆಲ್ಚ್ ಮೊದಲು ದಾಟಿರಲೂಬಹುದು. ದಾಟಿದ್ದು ಸಿದ್ಧವಾಗಿರುವುದು ಯೇಗರ್ ಅವರದು. ಅಕ್ಟೋಬರ್ 14ರ ಮೇಲ್ಗಾಳಿಯ ಮಾಪನಗಳನ್ನು ಹಾರಾಟದ ದಿಕ್ಕಿನೊಡನೆ ಹೊಂದಿಸಿ ನೋಡುವ ಕೆಲಸ ಬಾಕಿಯಿದೆ. ಅದು ಸದ್ದಿನ ಕುರಿತ ನನ್ನ ವಾದವನ್ನು ಸಡಿಲಿಸಬಹುದು, ಅಗ್ರಸ್ಥಾನದ ತೀರ್ಪನ್ನಲ್ಲ. ಎಕ್ಸ್‌ಪಿ-86ರ ಆರಂಭದ ಹಾರಾಟಗಳ ಮೂಲ ಮಾಪನಗಳು ದೊರೆತರೆ ಆ ತೀರ್ಪನ್ನೂ ಮರುಪರಿಶೀಲಿಸಬೇಕಾಗುತ್ತದೆ. ಅಲ್ಲಿಯವರೆಗೆ ಆ ವಿಮಾನ ಶಬ್ದವೇಗ ದಾಟಿದ ಅಧಿಕೃತ ದಿನಾಂಕ 1948ರ ಏಪ್ರಿಲ್ 26.