ಪ್ರೈಮರಿ ಪಾಠಶಾಲೆಯ ಮಕ್ಕಳೂ ಅಂಗಸಾಧನೆಯೂ

ಬೆಂಗಳೂರಿನ ಪಡುವಣ ಭಾಗದಲ್ಲಿ, ರಾಜಾಜಿನಗರ, ಬಸವೇಶ್ವರನಗರ, ಮಹಾಲಕ್ಷ್ಮಿ ಬಡಾವಣೆ ಇವುಗಳ ನಡುವೆ ಸಿಕ್ಕಿಕೊಂಡಂತೆ ಕುರುಬರಹಳ್ಳಿ ಎಂಬ ಹಳೆಯ ಗ್ರಾಮವೊಂದುಂಟು. ಗ್ರಾಮವೆಂಬುದು ವಾಡಿಕೆಯ ಮಾತು. ಹೊಲವೂ ಹುಲ್ಲುಗಾವಲೂ ಹೋಗಿ ಬಹುಕಾಲವಾಯಿತು, ಹೆಸರೊಂದು ಉಳಿದಿದೆ. ಕೆಲವು ತಿಂಗಳ ಹಿಂದೆ ಮಿತ್ರರೊಬ್ಬರನ್ನು ಕಾಣಲು ಸಂಜೆಯ ಹೊತ್ತಿನಲ್ಲಿ ಅಲ್ಲಿಗೆ ಹೋಗಿದ್ದೆನು. ಅವರ ಮನೆಯ ಮುಂದಿನ ಓಣಿಯಲ್ಲಿ, ಎರಡು ಸಾಲು ವಾಹನಗಳ ನಡುವೆ ಉಳಿದ ಜಾಗದಲ್ಲಿ, ಏಳೆಂಟು ವರ್ಷದ ಐದಾರು ಮಕ್ಕಳು ಸೀಮೆಸುಣ್ಣದಿಂದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದರು. ಗಳಿಗೆಗೊಂದು ಸ್ಕೂಟರು ಬರುವುದು. ಕುಂಟುತ್ತಿದ್ದ ಹುಡುಗಿ ಪಕ್ಕಕ್ಕೆ ಸರಿಯುವಳು. ಸ್ಕೂಟರು ಹೋದಮೇಲೆ ಅದೇ ಮನೆಯೊಳಕ್ಕೆ ಬಂದು ಒಂಟಿಕಾಲಿನಲ್ಲಿ ನಿಂತು ಆಟವನ್ನು ಮುಂದುವರಿಸುವಳು. ಕಾಲು ಊರಿದೆಯೆಂದು ಯಾರೂ ತಕರಾರು ಮಾಡಲಿಲ್ಲ. ಗಾಡಿ ಬಂದಾಗ ಕಾಲು ಊರಿದರೆ ಔಟಲ್ಲ ಎಂಬುದು ಅವರವರೇ ಮಾಡಿಕೊಂಡ ಕಟ್ಟಳೆಯಂತೆ. ನನ್ನ ಬಾಲ್ಯದ ಕುಂಟೆಬಿಲ್ಲೆಯಲ್ಲಿ ಇಂಥ ಕಟ್ಟಳೆ ಇರಲಿಲ್ಲ, ಬೇಕಾಗಿರಲಿಲ್ಲ.

ಆ ಮಕ್ಕಳನ್ನು ನೋಡಿ ಬಂದಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ನಾಡಿನಲ್ಲಿ ಸರ್ಕಾರದ ಪಾಠಶಾಲೆಗಳು ಹುಟ್ಟಿ ನೂರೈವತ್ತು ವರ್ಷಗಳಿಗೆ ಮೇಲಾಯಿತು. ಇಷ್ಟು ಕಾಲದಲ್ಲಿ ಆರರಿಂದ ಹತ್ತು ವರ್ಷದೊಳಗಿನ ಮಗುವಿನ ದೇಹಕ್ಕಾಗಿ ಪಾಠಶಾಲೆ ಏನನ್ನು ಮಾಡಿದೆ?

ವ್ಯಾಯಾಮವೆಂಬುದು ಕನ್ನಡಿಗರಿಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಕೃಷ್ಣದೇವರಾಯನು ಹೊತ್ತು ಮೂಡುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ತೀಡಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ತಿರುಗಿಸಿ, ಮಲ್ಲನೊಬ್ಬನೊಡನೆ ಹೋರಿ, ಆಮೇಲೆ ಕುದುರೆ ಏರುತ್ತಿದ್ದನೆಂದು ಬರೆದಿದ್ದಾನೆ. ಮೈಸೂರಿನ ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ಬೆಂಗಳೂರಿನ ಪೇಟೆಯಲ್ಲಿಯೂ ಹನುಮಂತನ ಪಟದ ಕೆಳಗೆ ಕೆಮ್ಮಣ್ಣಿನ ಮಟ್ಟಿ ಹದಮಾಡಿದ ಗರಡಿಮನೆಗಳು ಇದ್ದುವು.

ಆದರೆ ಇವೆಲ್ಲವೂ ಮೀಸೆ ಚಿಗುರಿದವರ ಲೋಕ. ಎಳೆಯ ಮಗುವಿಗೆ ಗರಡಿಯಲ್ಲಿ ಸ್ಥಾನವಿರಲಿಲ್ಲ. ಹೆಣ್ಣುಮಗುವಿಗಂತೂ ಬಾಗಿಲೇ ಇರಲಿಲ್ಲ. ಅವರ ವ್ಯಾಯಾಮಶಾಲೆ ಬೇರೆ ಇದ್ದಿತು. ಸುಗ್ಗಿ ಮುಗಿದ ಕಣ, ಬೇಸಗೆಯಲ್ಲಿ ಒಣಗಿದ ಕೆರೆಯಂಗಳ, ಊರಾಚೆಯ ಗುಂಡುತೋಪು, ದೇವಸ್ಥಾನದ ಮುಂದಣ ಬಯಲು, ಇವೇ ಅದರ ಕಟ್ಟಡ. ಲಗೋರಿ, ಚಿಣ್ಣಿಕೋಲು, ಬುಗುರಿ, ಮರಕೋತಿ, ಚಡುಗುಡು, ಕುಂಟೆಬಿಲ್ಲೆ, ಇವೇ ಅದರ ಪಾಠಪಟ್ಟಿ. ಉಪಾಧ್ಯಾಯರು ಯಾರೂ ಇರಲಿಲ್ಲ. ಹತ್ತು ವರ್ಷದವನು ಎಂಟು ವರ್ಷದವನಿಗೆ ಕಲಿಸಿದನು, ಅಷ್ಟೆ. ಮರಕೋತಿಯಲ್ಲಿ ತೋಳಿನ ಬಲ, ಲಗೋರಿಯಲ್ಲಿ ಗುರಿ ಮತ್ತು ಓಟ, ಕುಂಟೆಬಿಲ್ಲೆಯಲ್ಲಿ ಸಮತೋಲ, ಚಡುಗುಡಿನಲ್ಲಿ ಉಸಿರಿನ ಬಿಗಿ. ಇಂದಿನ ಶರೀರಶಿಕ್ಷಣದ ಗ್ರಂಥಗಳು ಎಳೆಯ ಮಕ್ಕಳಿಗೆ ಬೇಕೆಂದು ಹೇಳುವ ಚಲನೆಗಳಲ್ಲಿ ಈ ಪಟ್ಟಿಯೊಳಗೆ ಬಾರದಿರುವುದು ಬಹು ಕಡಿಮೆ.

ಇತ್ತ ಕೂಲಿಮಠದೊಳಗೆ ಮಗುವಿನ ದೇಹಕ್ಕೆ ನಡೆಯುತ್ತಿದ್ದ ಉಪಚಾರ ಬೇರೆ. ಅಲ್ಲಿ ಮೈಗೆ ಸಂಬಂಧಿಸಿದ ವಿದ್ಯೆಯೆಂದರೆ ಶಿಕ್ಷೆ. ಒಂಟಿಕಾಲಿನಲ್ಲಿ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ತೊಲೆಗೆ ಕಟ್ಟಿದ ಹಗ್ಗದಿಂದ ಜೋತಾಡಿಸುವ ಕೋದಂಡ, ಎಲ್ಲಕ್ಕಿಂತ ಸುಲಭವಾದ ಬಸ್ಕಿ. ವಿಚಿತ್ರವನ್ನು ನೋಡಿರಿ: ಗರಡಿಯಲ್ಲಿ ಉಸ್ತಾದನ ಮುಂದೆ ನೂರು ಬಸ್ಕಿ ತೆಗೆದವನಿಗೆ ಶಹಭಾಸ್‌ಗಿರಿ, ಮಠದಲ್ಲಿ ಅಯ್ಯಗಳ ಮುಂದೆ ಹತ್ತು ಬಸ್ಕಿ ತೆಗೆದವನಿಗೆ ಅವಮಾನ. ಚಲನೆ ಒಂದೇ. ದಂಡವೆಂಬ ಶಬ್ದವೂ ಹಾಗೆಯೇ. ಗರಡಿಯಲ್ಲಿ ಅದು ಸಾಧನೆ, ನ್ಯಾಯಸ್ಥಾನದಲ್ಲಿ ಜುಲ್ಮಾನೆ. ತನ್ನ ಮೈಯನ್ನು ಬಗ್ಗಿಸುವುದೇ ತಪ್ಪಿನ ಫಲವೆಂದು ಆರು ವರ್ಷದ ಮಗು ಮೊದಲು ಕಲಿತುದು ಪಾಠಶಾಲೆಯಲ್ಲಿ.

1868ರಲ್ಲಿ ಬಿ. ಎಲ್. ರೈಸ್ ಸಾಹೇಬರ ಯೋಜನೆಯಂತೆ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳು ಆರಂಭವಾದುವು. 1913ರಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಜಾರಿಗೆ ಬಂದಿತು. ಹೊಸ ಶಾಲೆಗಳೊಡನೆ ಡ್ರಿಲ್ಲೆಂಬ ಹೊಸ ಪದಾರ್ಥವೂ ಬಂದಿತು. ಇದರ ಮೂಲ ಎರಡು ಕಡೆ ಇದೆ: ಒಂದು ಸಿಪಾಯಿಗಳ ಕವಾಯತು; ಇನ್ನೊಂದು, 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ವಿದ್ಯಾಲಯವನ್ನು ಸ್ಥಾಪಿಸಿದ ಲಿಂಗ್ ಎಂಬಾತನ ಸ್ವೀಡಿಷ್ ಪದ್ಧತಿ. ಇಂಗ್ಲೆಂಡಿನಲ್ಲಿ ಇದರ ಕಥೆ ನಾವು ತಿಳಿಯಬೇಕಾದುದು. ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಬಹುಮಂದಿ ಮೈಕಟ್ಟಿಲ್ಲದವರೆಂದು ಕಂಡು ಅಲ್ಲಿಯ ಸರ್ಕಾರ ಗಾಬರಿಗೊಂಡಿತು. 1902ರಲ್ಲಿ ಯುದ್ಧ ಇಲಾಖೆಯ ನೆರವಿನಿಂದ ಶಾಲೆಗಳಿಗೆ ಒಂದು ಮಾದರಿ ಡ್ರಿಲ್ ಪುಸ್ತಕವನ್ನು ಹೊರಡಿಸಿತು. ಪುಟ್ಟ ಮಕ್ಕಳನ್ನು ಪುಟ್ಟ ಸಿಪಾಯಿಗಳೆಂದು ತಿಳಿದ ಆ ಪುಸ್ತಕದ ಮೇಲೆ ಆಕ್ಷೇಪಣೆಗಳು ಎದ್ದುವು. ಎರಡೇ ವರ್ಷಗಳಲ್ಲಿ, 1904ರಲ್ಲಿ, ಅದನ್ನು ಬಿಟ್ಟು ಬೇರೆ ಪಾಠಕ್ರಮವನ್ನು ತರಬೇಕಾಯಿತು. 1909ರ ಪರಿಷ್ಕಾರವನ್ನು ಮಾಡಿದವರು ವಿದ್ಯಾ ಇಲಾಖೆಯ ವೈದ್ಯಾಧಿಕಾರಿಗಳು, ಅದರಲ್ಲಿ ಆಟಕ್ಕೂ ನೃತ್ಯಕ್ಕೂ ಎಡೆಯಿತ್ತರು. ಇಂಗ್ಲಿಷರು ತಮ್ಮ ಮಕ್ಕಳ ವಿಷಯದಲ್ಲಿ ಎರಡು ವರ್ಷದಲ್ಲಿ ತಿದ್ದಿಕೊಂಡುದನ್ನು ನಾವು ನೂರು ವರ್ಷದಲ್ಲಿಯೂ ಪೂರಾ ತಿದ್ದಿಕೊಂಡಿಲ್ಲ.

ನಾನು ಓದಿದ ಪ್ರೈಮರಿ ಶಾಲೆಯ ಹೆಸರು ಬೇಡ. ಅಲ್ಲಿ ವಾರಕ್ಕೆರಡು ಪಿ. ಟಿ. ಪೀರಿಯಡ್ಡು ವೇಳಾಪಟ್ಟಿಯಲ್ಲಿ ಇದ್ದುವು. ಒಂದನ್ನು ಗಣಿತದ ಮೇಷ್ಟರು ಉಳಿದ ಪಾಠ ಮುಗಿಸಲೆಂದು ಕಡ ತೆಗೆದುಕೊಳ್ಳುತ್ತಿದ್ದರು. ಆ ಕಡ ಇಂದಿಗೂ ತೀರಿಲ್ಲ. ಇನ್ನೊಂದರಲ್ಲಿ ಸೀಟಿಯ ಸದ್ದಿಗೆ ಕೈ ಮೇಲೆ, ಕೈ ಕೆಳಗೆ. ಎಡಗೈ ಬಲಗೈಗಳ ವಿವೇಕ ನನಗೆ ಸ್ವಲ್ಪ ತಡವಾಗಿ ಬಂದುದರಿಂದ ನಾನು ಬಹಳ ಸಲ ಸಾಲಿನಿಂದ ಹೊರಗೆ ನಿಂತು ಬಸ್ಕಿ ತೆಗೆದಿದ್ದೇನೆ. ಹೀಗೆ ಗರಡಿಯ ಬಸ್ಕಿ, ಮಠದ ಬಸ್ಕಿ, ಡ್ರಿಲ್ಲಿನ ಬಸ್ಕಿ ಮೂರೂ ಒಂದೇ ಅಂಗಳದಲ್ಲಿ ಕೂಡಿದುದನ್ನು ಕಣ್ಣಾರೆ ಕಂಡವನು ನಾನು.

ನಡುವೆ ನಮ್ಮವರು ಸುಮ್ಮನಿದ್ದರೆಂದು ಹೇಳುವಂತಿಲ್ಲ. 1896ರಲ್ಲಿಯೇ ಬೆಂಗಳೂರಿನಲ್ಲಿ ಭಾರದ್ವಾಜರ ವ್ಯಾಯಾಮದೀಪಿಕೆ ಎಂಬ, ದೇಶೀಯ ವ್ಯಾಯಾಮದ ಪುಸ್ತಕ ಅಚ್ಚಾಯಿತು. 1920ರಲ್ಲಿ ಮದರಾಸಿನಲ್ಲಿ ಬಕ್ ಎಂಬ ಅಮೆರಿಕನ್ನರು ವೈ. ಎಂ. ಸಿ. ಎ. ವ್ಯಾಯಾಮ ವಿದ್ಯಾಲಯವನ್ನು ತೆರೆದರು. ದಕ್ಷಿಣ ದೇಶದ ಅನೇಕ ವ್ಯಾಯಾಮೋಪಾಧ್ಯಾಯರು ಅಲ್ಲಿ ಪಳಗಿದವರು. 1923ರಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರು ಹಿಂದುಸ್ಥಾನೀ ಸೇವಾದಳವನ್ನು ಕಟ್ಟಿ, ಹುಬ್ಬಳ್ಳಿಯನ್ನು ಅದರ ಕೇಂದ್ರವನ್ನಾಗಿ ಮಾಡಿದರು. ಔಂಧ್ ಸಂಸ್ಥಾನದ ರಾಜರು ಸೂರ್ಯನಮಸ್ಕಾರವನ್ನು ತಮ್ಮ ಶಾಲೆಗಳಲ್ಲಿ ಬಳಕೆಗೆ ತಂದರು. ಆ ಸಂಸ್ಥಾನದ ಒಂದು ತುಣುಕಾದ ಗುಣದಾಳ ನಮ್ಮ ವಿಜಯಪುರದ ಸೀಮೆಯಲ್ಲಿಯೇ ಇದ್ದಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿ, ಅರಸು ಮನೆತನಗಳ ಹುಡುಗರಿಗೆ ಆಸನಗಳನ್ನು ಕಲಿಸಿದರು. ಯೋಗಮಕರಂದವನ್ನು ಕನ್ನಡದಲ್ಲಿ ಬರೆದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರವರು ತಮ್ಮ ವ್ಯಾಯಾಮಶಾಲೆಯಿಂದ ಒಂದು ಪೀಳಿಗೆಯ ತರುಣರ ಮೈಯನ್ನು ತಿದ್ದಿದರು. ಅವರೇ ಮುಂದೆ ರೂಪದರ್ಶಿ, ಶಾಂತಲಾ ಎಂಬ ಕಾದಂಬರಿಗಳನ್ನು ಬರೆದವರು.

ಇವರೆಲ್ಲರೂ ಪೂಜ್ಯರು. ಆದರೂ ಚರಿತ್ರೆಯ ವಿದ್ಯಾರ್ಥಿಯಾಗಿ ಒಂದು ಮಾತನ್ನು ಹೇಳಬೇಕಾಗಿದೆ. ಇವರ ದೃಷ್ಟಿ ನೆಟ್ಟಿದ್ದುದು ತರುಣನ ಮೇಲೆ, ಅವನ ಮೂಲಕ ರಾಷ್ಟ್ರದ ಮೇಲೆ. ಪರದಾಸ್ಯದ ಕಾಲದಲ್ಲಿ ಅದು ಸಹಜವೇ. ಮಗು ಬಂದಾಗ ಅದು ಚಿಕ್ಕ ಗಾತ್ರದ ತರುಣನಾಗಿ ಬಂದಿತು. ದೊಡ್ಡವರ ಸಾಧನೆಯನ್ನು ಕಡಿಮೆ ಎಣಿಕೆಯಲ್ಲಿ ಮಾಡಿತು. ವಯಸ್ಸಿಗೆ ತಕ್ಕಂತೆ ಅಭ್ಯಾಸವೇ ಬೇರೆಯಾಗಬೇಕೆಂಬ ಮಾತು ಕೃಷ್ಣಮಾಚಾರ್ಯರ ಪರಂಪರೆಯಲ್ಲಿ ಉಂಟು. ಅದು ಪ್ರೈಮರಿ ಶಾಲೆಯ ಬಾಗಿಲನ್ನು ತಟ್ಟಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಡ್ರಿಲ್ಲು ಪ್ರದರ್ಶನವಾಯಿತು. ರಾಷ್ಟ್ರೀಯ ಹಬ್ಬಗಳ ದಿನ ಮೈದಾನದಲ್ಲಿ ನೂರಾರು ಮಕ್ಕಳು ಏಕಕಾಲದಲ್ಲಿ ಬಣ್ಣದ ಕೊಡೆ ಬಿಚ್ಚುವುದು ಕಣ್ಣಿಗೆ ಹಬ್ಬವೇ ಸರಿ. ವಾರಗಟ್ಟಲೆ ಬಿಸಿಲಿನಲ್ಲಿ ನಿಂತ ಮಕ್ಕಳನ್ನು ಕೇಳಿದರೆ ಬೇರೆ ಮಾತು ಬಂದೀತು. ಇನ್ನು ಕ್ರೀಡಾಕೂಟಗಳು. ವಲಯ, ತಾಲ್ಲೂಕು, ಜಿಲ್ಲೆಯೆಂದು ಮೇಲೇರುವ ಈ ಏಣಿ ಒಳ್ಳೆಯ ಓಟಗಾರರನ್ನು ಆರಿಸಿಕೊಟ್ಟಿದೆ, ನಿಜ. ಆರಿಸದೆ ಬಿಟ್ಟವರಿಗೆ ಅದು ಕೊಟ್ಟುದು ಚಪ್ಪಾಳೆ ತಟ್ಟುವ ಕೆಲಸವನ್ನು. ಎಂಟು ವರ್ಷದ ಮಗುವಿಗೆ ನೀನು ಓಟಗಾರನಲ್ಲವೆಂದು ತೀರ್ಪು ಕೊಡಲು ನಾವು ಯಾರು?

2009ರ ಶಿಕ್ಷಣದ ಹಕ್ಕಿನ ಕಾಯಿದೆಯಲ್ಲಿ ಈ ಚರಿತ್ರೆಯ ಎರಡು ಎಳೆಗಳೂ ಸೇರಿವೆ. ಅದರ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಬಸ್ಕಿಯ ಕಾಲ ಕಾಗದದ ಮೇಲಾದರೂ ಮುಗಿಯಿತು. ಅದರ ಅನುಸೂಚಿಯು ಪ್ರತಿಯೊಂದು ಶಾಲೆಗೂ ಆಟದ ಮೈದಾನವೂ ಆಟದ ಸಾಮಗ್ರಿಯೂ ಇರಬೇಕೆಂದಿತು. ಆದರೆ ವ್ಯಾಯಾಮ ಕಲಿಸುವವರ ಪ್ರಸ್ತಾಪ ಎಲ್ಲಿ ಬರುತ್ತದೆಂದು ಹುಡುಕಿರಿ. ಆರರಿಂದ ಎಂಟನೆಯ ತರಗತಿಯವರೆಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕಂತೆ. ಒಂದರಿಂದ ಐದನೆಯ ತರಗತಿಯವರಿಗೆ ಅಷ್ಟೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಲನೆ ಬೇಕೆಂದು ಹೇಳಿತು. ಐದು ವರ್ಷದಿಂದಲೇ ಎಣಿಕೆ. ನಮ್ಮ ಕಾಯಿದೆಯ ಬೋಧಕನು ಮಗುವನ್ನು ಭೇಟಿಮಾಡುವುದು ಹನ್ನೊಂದಕ್ಕೆ. ಮೈದಾನವಿಲ್ಲದ ಶಾಲೆ ಇರಲಾಗದೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಆ ವ್ಯಾಜ್ಯ ಹರಿಯಾಣದ ಒಂದು ಹಳ್ಳಿಯ ಶಾಲೆಯ ಜಮೀನಿನ ಒತ್ತುವರಿಯದು.

ಒತ್ತುವರಿಯೆಂದೊಡನೆ ಕುರುಬರಹಳ್ಳಿಗೆ ಹಿಂದಿರುಗಬೇಕು. ಅಲ್ಲಿ ಬಯಲು ಹೋದುದು ಕಳ್ಳತನದಿಂದಲ್ಲ, ಯೋಜನೆಯಿಂದ. 1945ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಬಂದಿತು. 1949ರಲ್ಲಿ ರಾಜಾಜಿಯವರ ಹೆಸರಿನ ಬಡಾವಣೆ ಮೊದಲಾಯಿತು. ಅದರ ಹಿಂದೆಯೇ ಒಂದೊಂದಾಗಿ ಉಳಿದ ಬಡಾವಣೆಗಳು. ಕಾರ್ಖಾನೆಗೆ ಬಂದವರಿಗೆ ಮನೆ ಬೇಕಾಗಿದ್ದಿತು. ಅದನ್ನು ಯಾರೂ ತಪ್ಪೆನ್ನಲಾರರು. ಹೊಸ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆ ಹಸಿರು ಬಣ್ಣ ಬಳಿದರು. ನಡುವೆ ಸಿಕ್ಕಿದ ಹಳೆಯ ಗ್ರಾಮಠಾಣಾ ನಕ್ಷೆಯ ಹೊರಗೆ ಉಳಿಯಿತು. ಕುರಿಯ ಹಿಂಡು ಮೇದ ನೆಲ, ಕಣ, ಹೊಲದ ಬದು, ಎಲ್ಲವೂ ಮೂವತ್ತು ನಲವತ್ತರ ನಿವೇಶನಗಳಾದುವು. ಮಕ್ಕಳ ವ್ಯಾಯಾಮಶಾಲೆ ಅಲ್ಲಿ ಇದ್ದಿತೆಂಬುದು ಯಾವ ದಫ್ತರದಲ್ಲಿಯೂ ದಾಖಲಾಗಿರಲಿಲ್ಲ. ಆದುದರಿಂದ ಅದು ಹೋದುದೂ ದಾಖಲಾಗಲಿಲ್ಲ. ಪಾರ್ಕಿಗೆ ಹೋದರೆ, ಹುಲ್ಲಿನ ಮೇಲೆ ಆಡಬಾರದೆಂಬ ಫಲಕ ಸ್ವಾಗತಿಸುತ್ತದೆ.

ಇಂಥ ಊರಿನ ಪ್ರೈಮರಿ ಶಾಲೆಗೆ ಎಕರೆಗಟ್ಟಲೆ ಮೈದಾನ ನಾಳೆ ಒದಗುವುದೆಂದು ನಾನು ನಂಬುವವನಲ್ಲ. ಅಂಗಳವೊಂದು ಇದ್ದರೂ ಸಾಕಷ್ಟು ಮಾಡಬಹುದು. ಕುಂಟೆಬಿಲ್ಲೆಗೆ ಬೇಕಾದುದು ಆರಡಿ ಅಗಲ, ಹನ್ನೆರಡಡಿ ಉದ್ದ. ಐದು ಅಂಕಣ ಬರೆದರೆ ಮೂವತ್ತು ಮಕ್ಕಳು ಸರದಿಯಲ್ಲಿ ಆಡಬಹುದು. ಹುಡುಗರೂ ಆಡಲಿ, ಅದು ಹೆಣ್ಣುಮಕ್ಕಳ ಆಟವೆಂಬ ಬಿಂಕ ಬೇಡ. ಬಟ್ಟೆಯ ಚೆಂಡಾದರೆ ಲಗೋರಿಯಿಂದ ಕಿಟಕಿ ಒಡೆಯದು. ಇದಕ್ಕೆ ಪ್ರತ್ಯೇಕ ಬೋಧಕರು ಬರುವವರೆಗೆ ತರಗತಿಯ ಉಪಾಧ್ಯಾಯಿನಿಯೇ ಸಾಕು, ಆ ಪೀರಿಯಡ್ಡನ್ನು ಗಣಿತದವರು ಕಡ ಕೇಳದಿದ್ದರೆ. ಸೀಟಿ ಬೇಕಿಲ್ಲ.

ಮಿತ್ರರ ಮನೆಯಿಂದ ನಾನು ಹೊರಟಾಗ ಕತ್ತಲಾಗಿತ್ತು. ಬೀದಿಯ ದೀಪದ ಕೆಳಗೆ ಆಟ ಇನ್ನೂ ನಡೆದಿತ್ತು. ಆ ಹುಡುಗಿ ಆರನೆಯ ಮನೆಯಲ್ಲಿದ್ದಳು. ನಾನು ಗೆರೆ ತುಳಿಯದಂತೆ ಗೋಡೆಯ ಅಂಚಿನಲ್ಲಿ ನಡೆದು ಮುಖ್ಯರಸ್ತೆಗೆ ಬಂದೆನು.